ಕೊಂದವರಿಗೂ ಕಾರಣಗಳಿದ್ದವು

ಧರ್ಮದ ಹೆಸರಿನಲ್ಲಿ ನಡೆದ ಹಿಂಸೆಯ ಮಾತು ಬಂದಾಗಲೆಲ್ಲ ವಿದ್ಯಾವಂತರ ಬಾಯಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ: ಧರ್ಮ ಬರೀ ನೆಪ, ಒಳಗಿರುವುದು ರಾಜಕೀಯ. ಮೇಲಿನವರು ತಮ್ಮ ಬೇಳೆ ಬೇಯಿಸಿಕೊಳ್ಳಲು ಕೆಳಗಿನವರನ್ನು ಎತ್ತಿಕಟ್ಟಿದರು, ಏನೂ ಅರಿಯದ ಜನ ಕುಣಿಸಿದಂತೆ ಕುಣಿದರು ಎಂದು ಹೇಳಿ ಮಾತು ಮುಗಿಸುತ್ತಾರೆ. ಇದನ್ನು ಒಪ್ಪದವರು ಹೇಳುವುದು ಇನ್ನೊಂದು: ಗುಂಪಿಗೆ ತಲೆ ಕೆಟ್ಟಿತ್ತು, ಮತಾಂಧತೆ ಕಣ್ಣು ಕಟ್ಟಿತ್ತು. ಮೇಲ್ನೋಟಕ್ಕೆ ಎದುರಾಳಿಗಳಂತೆ ಕಾಣುವ ಈ ಎರಡು ಮಾತುಗಳ ಬುಡ ಒಂದೇ. ಕತ್ತಿ ಹಿಡಿದವನ ತಲೆಯಲ್ಲಿ ಏನಿತ್ತು ಎಂದು ಎರಡೂ ಕೇಳುವುದಿಲ್ಲ. ಮೊದಲನೆಯದು ಅವನನ್ನು ಕೀಲುಗೊಂಬೆ ಮಾಡುತ್ತದೆ, ಎರಡನೆಯದು ರೋಗಿ ಮಾಡುತ್ತದೆ. 16ನೇ ಶತಮಾನದ ಫ್ರಾನ್ಸ್ ಎರಡೂ ವಾದಗಳಿಗೆ ನೆಚ್ಚಿನ ಉದಾಹರಣೆ. ಅಲ್ಲಿ 1562ರಿಂದ 1598ರವರೆಗೆ ಕ್ಯಾಥೊಲಿಕರಿಗೂ ಹ್ಯೂಗೆನೊ ಎಂದು ಕರೆಸಿಕೊಂಡ ಪ್ರೊಟೆಸ್ಟೆಂಟರಿಗೂ ಒಂದರ ಹಿಂದೊಂದರಂತೆ ಎಂಟು ಯುದ್ಧಗಳಾದವು. 1572ರ ಆಗಸ್ಟ್ 24ರಂದು, ಸಂತ ಬಾರ್ತಲೋಮಿಯನ ಹಬ್ಬದ ದಿನ ಶುರುವಾದ ಹತ್ಯಾಕಾಂಡದಲ್ಲಿ ಪ್ಯಾರಿಸ್ ಒಂದರಲ್ಲೇ 2,000ದಿಂದ 3,000 ಜನ ಸತ್ತರೆಂದು ಇಂದಿನ ಇತಿಹಾಸಕಾರರ ಅಂದಾಜು. ಇದೇ ಫ್ರಾನ್ಸಿನ ಕಡತಗಳ ನಡುವೆ ಬದುಕಿನ ಬಹುಪಾಲು ಕಳೆದ ನಟಾಲಿ ಜೆಮನ್ ಡೇವಿಸ್ ಎಂಬ ಇತಿಹಾಸಕಾರ್ತಿ ಎರಡೂ ವಿವರಣೆಗಳು ನಿಲ್ಲುವುದಿಲ್ಲವೆಂದು ತೋರಿಸಿಕೊಟ್ಟು ಐವತ್ತು ವರ್ಷ ದಾಟಿದೆ. ಆದರೂ ನೆಪದ ವಾದ ಕದಲಿಲ್ಲ. ಅದು ಬರೀ ತಪ್ಪು ವಾದವಾಗಿದ್ದರೆ ಅದರ ಜೊತೆ ಜಗಳಕ್ಕೆ ನಿಲ್ಲಬೇಕಿರಲಿಲ್ಲ. ಅದು ಕೊಂದವರನ್ನು ಬಿಡುಗಡೆ ಮಾಡುವ ವಾದ. ನನ್ನ ತಕರಾರು ಇರುವುದು ಅಲ್ಲಿ.

ಈ ವಾದ ಹುಟ್ಟಿದ್ದು ಆ ಯುದ್ಧಗಳ ಕಾಲದಲ್ಲೇ. ಕ್ಯಾಥೊಲಿಕ್ ಪಕ್ಷದ ಮುಂದಾಳುಗಳಾದ ಗೀಸ್ ಮನೆತನದವರು ಸಿಂಹಾಸನದ ಆಸೆಗೆ ಧರ್ಮದ ಮುಸುಕು ಹಾಕಿದ್ದಾರೆಂದು ಹ್ಯೂಗೆನೊಗಳು ದೂರಿದರು. ಹ್ಯೂಗೆನೊ ಶ್ರೀಮಂತರು ರಾಜದ್ರೋಹಕ್ಕೆ ಬೈಬಲ್ಲನ್ನು ಗುರಾಣಿ ಮಾಡಿಕೊಂಡಿದ್ದಾರೆಂದು ಕ್ಯಾಥೊಲಿಕರು ದೂರಿದರು. ಅಂದರೆ ಎದುರು ಪಕ್ಷದ ನಂಬಿಕೆ ಸುಳ್ಳು ಎಂದು ಹೀಗಳೆಯುವ ಬೈಗುಳವಾಗಿ ಈ ವಿವರಣೆ ಮೊದಲು ಬಳಕೆಗೆ ಬಂತು. 1850ರಲ್ಲಿ ಎಂಗೆಲ್ಸ್ ಜರ್ಮನಿಯ ರೈತಯುದ್ಧದ ಬಗ್ಗೆ ಬರೆಯುತ್ತ ಆ ಶತಮಾನದ ಧರ್ಮಯುದ್ಧಗಳ ಹಿಂದೆ ವರ್ಗಹಿತಗಳು ಅಡಗಿದ್ದವೆಂದು ವಾದಿಸಿದಾಗ ಬೈಗುಳಕ್ಕೆ ಸಿದ್ಧಾಂತದ ಗೌರವ ಬಂತು. ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮೊದಲು ಲೂಸಿಯೆ ರೋಮಿಯೆ ಎಂಬ ಫ್ರೆಂಚ್ ವಿದ್ವಾಂಸ ಈ ಯುದ್ಧಗಳ ರಾಜಕೀಯ ಮೂಲಗಳ ಬಗ್ಗೆಯೇ ಗ್ರಂಥ ಬರೆದ. ಬಹುಕಾಲ ಪಠ್ಯಪುಸ್ತಕಗಳಲ್ಲಿ ಆಸ್ಥಾನದ ಗುಂಪುಗಾರಿಕೆ, ಶ್ರೀಮಂತ ಮನೆತನಗಳ ಹಗೆ, ಬರಿದಾದ ಖಜಾನೆ ಇವೇ ಕಥೆಯ ತಿರುಳಾದವು. ಧರ್ಮ ಬಣ್ಣ ಬಳಿಯಲು ಉಳಿಯಿತು. ಈ ವಿವರಣೆಯ ಆಕರ್ಷಣೆ ಅರ್ಥವಾಗುವಂಥದ್ದೇ. ಪರಮಪ್ರಸಾದದ ರೊಟ್ಟಿಯಲ್ಲಿ ಕ್ರಿಸ್ತನ ಶರೀರ ನಿಜವಾಗಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ನೆರೆಮನೆಯವನ ಕತ್ತು ಕುಯ್ಯಬಹುದೆಂದು ನಂಬುವುದು ನಮಗೆ ಕಷ್ಟ. ಹಣಕ್ಕೆ, ಜಮೀನಿಗೆ, ಪಟ್ಟಕ್ಕೆ ಕೊಂದರೆಂದರೆ ಕೂಡಲೇ ಅರ್ಥವಾಗುತ್ತದೆ. ನಮಗೆ ಸುಲಭವಾಗಿ ಅರ್ಥವಾಗುವ ಕಾರಣವೇ ಅವರ ನಿಜವಾದ ಕಾರಣವಾಗಿರಬೇಕು ಎಂಬ ಎಣಿಕೆಯ ಮೇಲೆ ಇಡೀ ವಾದ ನಿಂತಿದೆ.

ಡೇವಿಸ್ ಹೊರಟದ್ದೂ ಹೆಚ್ಚುಕಡಿಮೆ ಇದೇ ಎಣಿಕೆಯೊಂದಿಗೆ. 1928ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಯಹೂದಿ ಮನೆಯಲ್ಲಿ ಹುಟ್ಟಿ, ವಿದ್ಯಾರ್ಥಿ ದೆಸೆಯಲ್ಲೇ ಎಡಪಂಥದತ್ತ ಒಲಿದವರು. ಮಾರ್ಕ್ಸ್ ಅವರಿಗೆ ಇತಿಹಾಸದ ಬಾಗಿಲು ತೆರೆದಿದ್ದ. 16ನೇ ಶತಮಾನದ ಲಿಯೋನ್ ನಗರದ ಮುದ್ರಣ ಕಾರ್ಮಿಕರನ್ನು ಅವರು ಪಿಎಚ್‌ಡಿಗೆ ಆರಿಸಿಕೊಂಡದ್ದೇ ಪ್ರೊಟೆಸ್ಟೆಂಟ್ ಧರ್ಮಕ್ಕೂ ವರ್ಗಸಂಘರ್ಷಕ್ಕೂ ಇರುವ ನಂಟನ್ನು ಹುಡುಕಲು. 1952ರಲ್ಲಿ ಲಿಯೋನಿನ ಪತ್ರಾಗಾರದಲ್ಲಿ ತಿಂಗಳುಗಟ್ಟಲೆ ಕೂತು ಟಿಪ್ಪಣಿ ಮಾಡಿಕೊಂಡು ಮರಳಿದ ಮೇಲೆ ಅಮೆರಿಕ ಸರ್ಕಾರ ಅವರ ಮತ್ತು ಅವರ ಗಂಡ, ಗಣಿತಜ್ಞ ಚಾಂಡ್ಲರ್ ಡೇವಿಸ್ ಅವರ ಪಾಸ್‌ಪೋರ್ಟ್ ಕಿತ್ತುಕೊಂಡಿತು. ಕಮ್ಯುನಿಸ್ಟರ ಬೇಟೆಗೆ ನಿಂತಿದ್ದ ಸಂಸದೀಯ ಸಮಿತಿಯ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪದ ಚಾಂಡ್ಲರ್ 1954ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು, 1960ರಲ್ಲಿ ಜೈಲಿಗೂ ಹೋದರು. ಫ್ರಾನ್ಸಿಗೆ ಹೋಗುವ ದಾರಿ ಮುಚ್ಚಿದ ಆ ವರ್ಷಗಳಲ್ಲಿ ನಟಾಲಿ ಅಮೆರಿಕದ ಗ್ರಂಥಾಲಯಗಳಲ್ಲಿದ್ದ ಲಿಯೋನಿನ ಹಳೆಯ ಮುದ್ರಿತ ಪುಸ್ತಕಗಳನ್ನೇ ಆಧರಿಸಿ ಪ್ರಬಂಧ ಮುಂದುವರಿಸಿ 1959ರಲ್ಲಿ ಮುಗಿಸಿದರು. ಈ ವಿವರಗಳನ್ನು ಹೇಳುತ್ತಿರುವುದು ಕನಿಕರಕ್ಕಲ್ಲ. ಅಧಿಕಾರ ಜನರನ್ನು ಹೇಗೆ ಹಿಂಡುತ್ತದೆ ಎಂದು ಸ್ವಂತ ಮನೆಯಲ್ಲೇ ಕಂಡವರು, ಎಲ್ಲವನ್ನೂ ಅಧಿಕಾರದ ಆಟವೆಂದು ಓದಲು ಬೇಕಾದಷ್ಟು ಪ್ರೇರಣೆ ಇದ್ದವರು ಅವರು. ಹಾಗೆ ಓದಲು ಬಿಡದಿದ್ದದ್ದು ಕಡತ.

ಲಿಯೋನಿನಲ್ಲಿ ಅವರಿಗೆ ಸಿಕ್ಕಿದ್ದೇನು? ಮುದ್ರಣಾಲಯದ ಕೂಲಿಗಾರರು ಒಡೆಯರ ವಿರುದ್ಧ 1539ರಲ್ಲಿ ದೊಡ್ಡ ಮುಷ್ಕರ ಹೂಡಿದ್ದರು. ಗ್ರಿಫಾರೆಂ ಎಂಬ ಗುಟ್ಟಿನ ಸಂಘ ಕಟ್ಟಿಕೊಂಡಿದ್ದರು. ನೆಪದ ವಾದದ ಪ್ರಕಾರ ಹೊಸ ಧರ್ಮ ಇವರಿಗೆ ಒಡೆಯರ ವಿರುದ್ಧದ ಆಯುಧವಾಗಬೇಕಿತ್ತು, ಇಲ್ಲವೇ ಒಡೆಯರಿಗೆ ಇವರ ವಿರುದ್ಧದ ಆಯುಧವಾಗಬೇಕಿತ್ತು. ಆದದ್ದು ಬೇರೆ. ಕೂಲಿಗಾರರೂ ಒಡೆಯರೂ ಒಟ್ಟೊಟ್ಟಿಗೆ ಪ್ರೊಟೆಸ್ಟೆಂಟರಾದರು. ಛಾಪಖಾನೆಯಲ್ಲಿ ಕೂಲಿಗಾಗಿ ಕಿತ್ತಾಡಿದವರು ಬೀದಿಯಲ್ಲಿ ಒಂದೇ ಕೀರ್ತನೆ ಹಾಡಿದರು. ಊರಿನ ಒಟ್ಟು ಲೆಕ್ಕದಲ್ಲೂ ಹಣವಂತ ಮತ್ತು ಬಡವ ಎಂಬ ಗೆರೆ ಧರ್ಮದ ಗೆರೆಗೆ ಹೊಂದಲಿಲ್ಲ. ಎರಡೂ ಪಕ್ಷಗಳಲ್ಲಿ ಎಲ್ಲ ಅಂತಸ್ತಿನವರೂ ಇದ್ದರು. ಮುದ್ರಣ, ರೇಷ್ಮೆ, ಚಿತ್ರಕಲೆಗಳಂಥ ಹೊಸ ಕಸುಬುಗಳಲ್ಲಿ, ಓದುಬರಹ ಬಲ್ಲವರಲ್ಲಿ ಹೊಸ ಧರ್ಮಕ್ಕೆ ಒಲವು ಹೆಚ್ಚು. ಕಟುಕರು, ರೊಟ್ಟಿ ಮಾಡುವವರು, ದವಸದ ವ್ಯಾಪಾರಿಗಳಲ್ಲಿ ಕಡಿಮೆ. ಇನ್ನೂ ಮುಖ್ಯವಾದದ್ದು ಆಮೇಲೆ ನಡೆಯಿತು. ಪ್ರೊಟೆಸ್ಟೆಂಟರ ಕ್ಯಾಲ್ವಿನ್ ಪಂಥದ ಸಭಾಮಂಡಳಿ ಗ್ರಿಫಾರೆಂ ಸಂಘದ ಗುಟ್ಟಿನ ಆಣೆಗಳನ್ನೂ ಆಚರಣೆಗಳನ್ನೂ ಸಹಿಸದೆ ಅದರ ಸದಸ್ಯರನ್ನು ಬಹಿಷ್ಕರಿಸಿದಾಗ ಎಷ್ಟೋ ಮಂದಿ ಕೂಲಿಗಾರರು ಕ್ಯಾಥೊಲಿಕ್ ಧರ್ಮಕ್ಕೆ ಮರಳಿದರು. ಇಲ್ಲಿ ಕಸುಬಿನ ಬದುಕು ಧರ್ಮದ ಆಯ್ಕೆಯನ್ನು ಮುಟ್ಟಿದ್ದು ನಿಜ. ಆದರೆ ಮುಟ್ಟಿದ ಬಗೆ ನೋಡಿ: ತಮ್ಮ ಗೌರವಕ್ಕೂ ಬಂಧುತ್ವಕ್ಕೂ ಎಡೆಯಿರುವ ಧರ್ಮಸಮುದಾಯ ಯಾವುದು ಎಂದು ಅವರು ತೂಗಿ ನೋಡಿದರು. ಲಿಯೋನಿನಲ್ಲಿ ಬಡವರ ನೆರವಿಗೆ 1534ರಲ್ಲಿ ಶಾಶ್ವತವಾಗಿ ನಿಂತ ದಾನಸಂಸ್ಥೆಯ ಬಗ್ಗೆಯೂ ಡೇವಿಸ್ ಬರೆದರು. ಅಲ್ಲಿ ಎರಡೂ ಧರ್ಮದತ್ತ ವಾಲಿದ್ದವರು ಕೈಜೋಡಿಸಿದ್ದರು. ಎಲ್ಲವನ್ನೂ ಧರ್ಮದ ಖಾತೆಗೆ ಬರೆಯುವ ಚಪಲ ಅವರಿಗೆ ಇರಲಿಲ್ಲ ಎಂಬುದಕ್ಕೆ ಅವರ ಆ ಬರಹವೇ ಸಾಕ್ಷಿ. ಎಲ್ಲಿ ಧರ್ಮ ಕಾರಣವೋ ಅಲ್ಲಿ ಕಾರಣವೆಂದರು, ಎಲ್ಲಿ ಅಲ್ಲವೋ ಅಲ್ಲಿ ಅಲ್ಲವೆಂದರು.

1973ರಲ್ಲಿ 'ಪಾಸ್ಟ್ ಅಂಡ್ ಪ್ರೆಸೆಂಟ್' ಪತ್ರಿಕೆಯಲ್ಲಿ ಬಂದ ಅವರ 'ಹಿಂಸೆಯ ವಿಧಿಗಳು' ಎಂಬ ಲೇಖನ ಈ ವಿಷಯದ ಅಧ್ಯಯನದ ದಿಕ್ಕನ್ನೇ ತಿರುಗಿಸಿತು. ಅವರು ಕೇಳಿದ ಪ್ರಶ್ನೆ ಸರಳ. ಗುಂಪು ಏನು ಮಾಡಿತು, ಎಲ್ಲಿ ಮಾಡಿತು, ಯಾವಾಗ ಮಾಡಿತು, ಯಾವ ಕ್ರಮದಲ್ಲಿ ಮಾಡಿತು? ಗಲಭೆಗಳು ಬಹಳ ಸಲ ಪೂಜೆಯ ವೇಳೆಗೆ, ಮೆರವಣಿಗೆಯ ದಾರಿಯಲ್ಲಿ, ಗಂಟೆಯ ಸದ್ದಿನ ನಡುವೆ, ಪ್ರವಚನ ಮುಗಿದ ಮೇಲೆ ಎದ್ದವು. ಪ್ರೊಟೆಸ್ಟೆಂಟರ ಕೋಪ ಹೆಚ್ಚಾಗಿ ವಸ್ತುಗಳ ಮೇಲೆ: ವಿಗ್ರಹ ಒಡೆದರು, ಸಂತರ ಅಸ್ಥಿಗಳನ್ನು ಸುಟ್ಟರು, ಪರಮಪ್ರಸಾದವನ್ನು ನೆಲಕ್ಕೆ ಎಸೆದು ತುಳಿದರು. ಅವರೂ ಪಾದ್ರಿಗಳನ್ನು ಕೊಂದರು. 1567ರಲ್ಲಿ ನೀಮ್ ನಗರದಲ್ಲಿ ಸತ್ತವರು ಕ್ಯಾಥೊಲಿಕರು, ಕೊಂದವರು ಪ್ರೊಟೆಸ್ಟೆಂಟರು. ಕ್ಯಾಥೊಲಿಕರ ಕೋಪ ಹೆಚ್ಚಾಗಿ ಮೈಗಳ ಮೇಲೆ: ಶವಗಳನ್ನು ಎಳೆದಾಡಿದರು, ನದಿಗೆ ಎಸೆದರು, ಬಾಯಿಗೂ ಗಾಯಗಳಿಗೂ ಬೈಬಲ್ಲಿನ ಹಾಳೆ ತುರುಕಿದರು. ಒಬ್ಬರಿಗೆ ಮೈಲಿಗೆ ಇದ್ದದ್ದು ವಿಗ್ರಹದಲ್ಲಿ, ಇನ್ನೊಬ್ಬರಿಗೆ ಪಾಷಂಡಿಯ ಶರೀರದಲ್ಲಿ. ನೀರು ಬೆಂಕಿಗಳು ಆ ಮೈಲಿಗೆ ತೊಳೆಯುವ ಸಾಧನಗಳು. ಹಾಗೆಯೇ ಗುಂಪು ನ್ಯಾಯಾಧೀಶರ ಪಾತ್ರವನ್ನೂ ವಹಿಸಿತು. ಸಂತ ಬಾರ್ತಲೋಮಿಯನ ಹಬ್ಬದ ನಸುಕಿನಲ್ಲಿ ಕೊಲೆಯಾದ ಹ್ಯೂಗೆನೊ ನಾಯಕ ಕೊಲಿನ್ಯಿಯ ಹೆಣವನ್ನು ಕಿಟಕಿಯಿಂದ ಕೆಳಗೆ ಎಸೆದರು, ತಲೆ ಕತ್ತರಿಸಿದರು, ಹುಡುಗರು ಅದನ್ನು ಬೀದಿಬೀದಿ ಎಳೆದರು, ಕೊನೆಗೆ ಮೊಂಫೋಕೊನ್ ಎಂಬಲ್ಲಿದ್ದ ರಾಜನ ಗಲ್ಲುಗಂಬಕ್ಕೆ ನೇತುಹಾಕಿದರು. ರಾಜದ್ರೋಹಿಗೆ ಕೋರ್ಟು ವಿಧಿಸುತ್ತಿದ್ದ ಶಿಕ್ಷೆಯನ್ನು ಕಂಡಿದ್ದವರಿಗೆ ಈ ಕ್ರಮ ಹೊಸದೇನೂ ಆಗಿರಲಿಲ್ಲ. ಹುಚ್ಚು ಹಿಡಿದ ಗುಂಪಿಗೆ ಇಷ್ಟು ಕ್ರಮಬದ್ಧತೆ ಬರುವುದಿಲ್ಲ. ಬಾಡಿಗೆಗೆ ಬಂದ ಗುಂಪಿಗೆ ಅದರ ಅಗತ್ಯವೇ ಇಲ್ಲ. ಕೊಲ್ಲಲು ಹಣ ಪಡೆದವನು ಕೊಂದು ಹೋಗುತ್ತಾನೆ, ಹೆಣದ ಬಾಯಿಗೆ ಬೈಬಲ್ ತುರುಕುತ್ತ ನಿಲ್ಲುವುದಿಲ್ಲ.

ನೆಪದ ವಾದದ ಗಟ್ಟಿಯಾದ ರೂಪ ಹೊಟ್ಟೆಯ ಮೇಲೆ ನಿಂತದ್ದು. ಜನೀನ್ ಎಸ್ತೆಬ್ ಎಂಬ ಫ್ರೆಂಚ್ ಇತಿಹಾಸಕಾರ್ತಿ 1968ರ ತಮ್ಮ ಪುಸ್ತಕದಲ್ಲಿ, 1572ರ ಕೊಲೆಗಳಲ್ಲಿ ದವಸದ ಬೆಲೆಯೇರಿಕೆಯ ಬೇಗೆಯೂ ಸಿರಿವಂತ ಹ್ಯೂಗೆನೊಗಳ ಮೇಲೆ ಬಡವರಿಗಿದ್ದ ಹಗೆಯೂ ಕೆಲಸ ಮಾಡಿದವೆಂದು ವಾದಿಸಿದ್ದರು. ಇದನ್ನು ಗೌರವದಿಂದ ಪರಿಶೀಲಿಸಬೇಕು; ಲೂಟಿ ನಡೆದದ್ದು ಸುಳ್ಳಲ್ಲ. ಡೇವಿಸ್ ಪರಿಶೀಲಿಸಿದರು. ಬೇರೆಬೇರೆ ಊರುಗಳ ಧಾರ್ಮಿಕ ಗಲಭೆಗಳ ದಿನಾಂಕಗಳನ್ನು ದವಸದ ಬೆಲೆಯ ಏರಿಳಿತದ ಪಕ್ಕದಲ್ಲಿಟ್ಟು ನೋಡಿದಾಗ ಎರಡಕ್ಕೂ ನಂಬುವಂಥ ತಾಳಮೇಳ ಕಾಣಲಿಲ್ಲ. ಲಿಯೋನಿನಲ್ಲಿ ಸತ್ತವರೆಂದು ಪ್ರೊಟೆಸ್ಟೆಂಟ್ ಹುತಾತ್ಮರ ಗ್ರಂಥ ಹೆಸರಿಸುವವರಲ್ಲಿ ವರ್ತಕರಿಗಿಂತ ಕುಶಲಕರ್ಮಿಗಳೇ ಹೆಚ್ಚು. ಸಿರಿವಂತರ ಬೇಟೆಯೆಂದು ಅದನ್ನು ಕರೆಯಲು ಬರುವುದಿಲ್ಲ. ಕೊಂದವರ ಕಡೆಯೂ ಊರಿನ ಅತಿ ಬಡವರ ಹಿಂಡಲ್ಲ. ಕಸುಬುದಾರರು, ವ್ಯಾಪಾರಿಗಳು, ವಕೀಲರು, ಊರ ಕಾವಲುಪಡೆಯ ಮಂದಿ. ಆ ಕಾಲದವರಿಗೆ ಹೊಟ್ಟೆಯ ಗಲಭೆ ಹೇಗಿರುತ್ತದೆಂದು ಚೆನ್ನಾಗಿ ಗೊತ್ತಿತ್ತು. 1529ರಲ್ಲಿ ಲಿಯೋನಿನ ಜನ ದವಸಕ್ಕಾಗಿ ಎದ್ದಾಗ ನುಗ್ಗಿದ್ದು ಕಣಜಗಳಿಗೆ. ಹಸಿದವರು ಧಾನ್ಯ ಹುಡುಕಿದರು. 1562ರಲ್ಲೂ 1572ರಲ್ಲೂ ಹುಡುಕಿದ್ದು ಪಾಷಂಡಿಗಳನ್ನು, ವಿಗ್ರಹಗಳನ್ನು. ಒಂದೇ ಊರು, ಅದೇ ಕೇರಿಗಳು. ಗುರಿ ಬೇರೆ, ನಡೆ ಬೇರೆ. ಈ ವ್ಯತ್ಯಾಸವನ್ನು ಅಳಿಸಿ ಎರಡಕ್ಕೂ ಹಸಿವು ಎಂಬ ಒಂದೇ ಚೀಟಿ ಅಂಟಿಸಿದರೆ ನಮಗೆ ವಿವರಣೆ ಸಿಕ್ಕಿದಂತೆ ಅನಿಸುತ್ತದೆ, ಅಷ್ಟೆ.

ಡೇವಿಸ್ ಹಾಕಿಕೊಟ್ಟ ದಾರಿಯಲ್ಲಿ ಮುಂದೆ ಹೋದವರಲ್ಲಿ ಬಾರ್ಬರಾ ಡಿಫೆನ್‌ಡಾರ್ಫ್ ಒಬ್ಬರು. ಪ್ಯಾರಿಸ್ ಬಗ್ಗೆ 1991ರಲ್ಲಿ ಬಂದ ಅವರ ಪುಸ್ತಕ ಹತ್ಯಾಕಾಂಡದ ಹಿಂದಿನ ಹತ್ತಿಪ್ಪತ್ತು ವರ್ಷಗಳ ನಗರವನ್ನು ಬೀದಿಬೀದಿಯಾಗಿ ತೋರಿಸುತ್ತದೆ. ಅದರಲ್ಲಿ ಬರುವ ಗಾಸ್ತೀನ್ ಮನೆಯ ಕಥೆ ಈ ಚರ್ಚೆಗೆ ಬಹಳ ಬೆಲೆಯುಳ್ಳದ್ದು. ಸಾನ್ ಡೆನಿ ಬೀದಿಯ ತಮ್ಮ ಮನೆಯಲ್ಲಿ ಪ್ರೊಟೆಸ್ಟೆಂಟ್ ಪ್ರಭುಭೋಜನ ನಡೆಸಿದ್ದಕ್ಕೆ ಗಾಸ್ತೀನ್ ಕುಟುಂಬದ ತಂದೆ ಮಗ ಇಬ್ಬರನ್ನೂ 1569ರಲ್ಲಿ ಗಲ್ಲಿಗೇರಿಸಿದರು. ಮನೆಯನ್ನು ನೆಲಸಮ ಮಾಡಿ ಆ ಜಾಗದಲ್ಲಿ ಕಲ್ಲಿನ ಕಂಬದ ಮೇಲೆ ಶಿಲುಬೆ ನಿಲ್ಲಿಸಿದರು. 1570ರ ಸಾನ್ ಜರ್ಮೆ ಶಾಂತಿ ಒಪ್ಪಂದದಂತೆ ಇಂಥ ಗುರುತುಗಳನ್ನೆಲ್ಲ ತೆಗೆಯಬೇಕಿತ್ತು. ರಾಜ ಒಂಬತ್ತನೇ ಚಾರ್ಲ್ಸ್ ಶಿಲುಬೆ ತೆಗೆಯಿರೆಂದು ಆಜ್ಞೆ ಮಾಡಿದ. ನಗರಸಭೆ ತಿಂಗಳುಗಟ್ಟಲೆ ಮುಂದೂಡಿತು. ಗುರುಪೀಠಗಳಿಂದ ಪ್ರವಚನಕಾರರು ಒಪ್ಪಂದವನ್ನು ಖಂಡಿಸಿದರು. ಕೊನೆಗೆ 1571ರ ಡಿಸೆಂಬರಿನಲ್ಲಿ ಅದನ್ನು ಇನೊಸೆಂಟ್ಸ್ ಸ್ಮಶಾನಕ್ಕೆ ಸಾಗಿಸಿದಾಗ ಜನ ದಂಗೆ ಎದ್ದು ನೋತ್ರ್ ದಾಮ್ ಸೇತುವೆಯ ಮೇಲಿದ್ದ ಹ್ಯೂಗೆನೊ ಮನೆಗಳಿಗೆ ನುಗ್ಗಿದರು. ನೆಪದ ವಾದಕ್ಕೆ ಇಲ್ಲಿ ಜಾಗ ಎಲ್ಲಿ? ರಾಜ ಒಂದು ಕಡೆ, ಜನ ಇನ್ನೊಂದು ಕಡೆ. ಮೇಲಿನವರ ರಾಜಕೀಯಕ್ಕೆ ಬೇಕಾಗಿದ್ದದ್ದು ಶಾಂತಿ. ಜನರಿಗೆ ಬೇಕಾಗಿದ್ದದ್ದು ಶಿಲುಬೆ. ಎಂಟು ತಿಂಗಳ ನಂತರ, ಹತ್ಯಾಕಾಂಡ ಶುರುವಾದ ಮಾರನೆಯ ದಿನ, ಅದೇ ಇನೊಸೆಂಟ್ಸ್ ಸ್ಮಶಾನದಲ್ಲಿ ಮುಳ್ಳುಗಿಡವೊಂದು ಕಾಲವಲ್ಲದ ಕಾಲದಲ್ಲಿ ಹೂ ಬಿಟ್ಟಿತೆಂಬ ಸುದ್ದಿ ಹಬ್ಬಿತು. ಗಂಟೆಗಳು ಮೊಳಗಿದವು, ಜನ ತಂಡತಂಡವಾಗಿ ಹೋಗಿ ಕೈಮುಗಿದರು. ದೇವರು ತಮ್ಮ ಕೆಲಸಕ್ಕೆ ಮೆಚ್ಚಿದ್ದಾನೆಂದು ತಿಳಿದರು. ಆ ಹೂವನ್ನು ನಂಬಿದವರ ಮನಸ್ಸನ್ನು ಅರಮನೆಯ ಕಾಗದಪತ್ರಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹಾಗಾದರೆ ಅರಮನೆಯ ಪಾತ್ರವೇ ಇಲ್ಲವೇ ಎಂಬ ಆಕ್ಷೇಪ ಬರುತ್ತದೆ, ಬರಬೇಕು. ಇದೆ, ದೊಡ್ಡದಾಗಿಯೇ ಇದೆ. ಆಗಸ್ಟ್ 18ರಂದು ರಾಜನ ತಂಗಿ ಮಾರ್ಗರಿಟಳಿಗೂ ಹ್ಯೂಗೆನೊ ರಾಜಕುಮಾರ ನವಾರ್‌ನ ಹೆನ್ರಿಗೂ ಮದುವೆಯಾಯಿತು. 22ರಂದು ಕೊಲಿನ್ಯಿಯ ಮೇಲೆ ಗುಂಡು ಹಾರಿತು. ಮದುವೆಗೆ ಬಂದು ಪ್ಯಾರಿಸ್‌ನಲ್ಲೇ ಉಳಿದಿದ್ದ ಹ್ಯೂಗೆನೊ ನಾಯಕರು ನ್ಯಾಯ ಕೇಳಿದರು. 23ರ ರಾತ್ರಿ ಲೂವ್ರ್ ಅರಮನೆಯಲ್ಲಿ ಆ ನಾಯಕರನ್ನು ಮುಗಿಸುವ ನಿರ್ಧಾರವಾಯಿತು. ಇದರಲ್ಲಿ ಭಯವೂ ಲೆಕ್ಕಾಚಾರವೂ ಇದ್ದವು. 1563ರಲ್ಲಿ ತಂದೆ ಕೊಲೆಯಾದಾಗಿನಿಂದ ಕೊಲಿನ್ಯಿಯನ್ನೇ ಹೊಣೆ ಮಾಡಿದ್ದ ಗೀಸ್ ಡ್ಯೂಕ್‌ನ ಹಗೆಯೂ ಇತ್ತು. ಇದನ್ನೆಲ್ಲ ರಾಜಕೀಯ ಎನ್ನಿ, ನನ್ನ ಅಭ್ಯಂತರವಿಲ್ಲ. ಆದರೆ ಅರಮನೆಯ ಪಟ್ಟಿಯಲ್ಲಿದ್ದದ್ದು ಹತ್ತಾರು ನಾಯಕರ ಹೆಸರುಗಳು. ಸಾವಿರಗಟ್ಟಲೆ ದರ್ಜಿಗಳು, ಪುಸ್ತಕ ಕಟ್ಟುವವರು, ಅವರ ಹೆಂಡತಿ ಮಕ್ಕಳು ಆ ಪಟ್ಟಿಯಲ್ಲಿ ಇರಲಿಲ್ಲ. ಅವರನ್ನು ಕೊಂದವರು ನೆರೆಹೊರೆಯವರು. ಕೊಲೆ ನಿಲ್ಲಿಸಿರೆಂದು ರಾಜ 24ರಂದೇ ಹೇಳಿದರೂ ದಿನಗಟ್ಟಲೆ ನಿಲ್ಲಲಿಲ್ಲ. ನಂತರದ ವಾರಗಳಲ್ಲಿ ಓರ್ಲಿಯಾನ್, ಲಿಯೋನ್, ರುವೆನ್, ಬೋರ್ಡೊ, ತುಲೂಸ್ ಸೇರಿ ಹತ್ತಾರು ಊರುಗಳಿಗೆ ಹಬ್ಬಿತು. ಒಪ್ಪಂದವನ್ನು ಪಾಲಿಸಿರೆಂದು ರಾಜನ ಪತ್ರಗಳು ಆ ಊರುಗಳಿಗೆ ಹೋಗಿದ್ದವು. ಒಂದೊಂದು ಕಡೆ ರಾಜನ ಗುಪ್ತ ಇಚ್ಛೆ ಬೇರೆಯೇ ಇದೆಯೆಂಬ ಸುದ್ದಿಯೂ ಹೋಗಿತ್ತು. ಇತಿಹಾಸಕಾರ ಫಿಲಿಪ್ ಬೆನೆಡಿಕ್ಟ್ ತೋರಿಸಿರುವಂತೆ, ಕೊಲೆ ನಡೆದ ಊರುಗಳು ಬಹಳಮಟ್ಟಿಗೆ ಹಿಂದಿನ ಹತ್ತು ವರ್ಷಗಳಲ್ಲಿ ಎರಡೂ ಧರ್ಮದವರು ಬೀದಿಯಲ್ಲಿ ಕಾದಾಡಿದ್ದ, ಹ್ಯೂಗೆನೊಗಳು ಒಮ್ಮೆ ಅಧಿಕಾರ ಹಿಡಿದೋ ಹಿಡಿಯಲು ಯತ್ನಿಸಿಯೋ ಇದ್ದ ಊರುಗಳು. ಅರಮನೆ ಬಾಗಿಲು ತೆರೆಯಿತು; ಒಳಗೆ ನುಗ್ಗಿದವರಿಗೆ ಎಲ್ಲಿಗೆ ಹೋಗಬೇಕೆಂದು ಮೊದಲೇ ತಿಳಿದಿತ್ತು.

ಇನ್ನೊಂದು ನೆಚ್ಚಿನ ಪುರಾವೆಯನ್ನು ರಾಜರ, ಮಂತ್ರಿಗಳ ನಡತೆಯಿಂದ ಎತ್ತಿ ತರುತ್ತಾರೆ. ನವಾರ್‌ನ ಹೆನ್ರಿ ಸಿಂಹಾಸನಕ್ಕಾಗಿ 1593ರಲ್ಲಿ ಕ್ಯಾಥೊಲಿಕನಾದ. ಫ್ರಾನ್ಸಿನ ಮಂತ್ರಿ ಕಾರ್ಡಿನಲ್ ರಿಶೆಲಿಯೂ ಪ್ರೊಟೆಸ್ಟೆಂಟ್ ಸ್ವೀಡನ್ನಿನ ಜೊತೆ 1631ರಲ್ಲಿ ಕೈಜೋಡಿಸಿದ. ಧರ್ಮಕ್ಕೆ ಬೆಲೆ ಇದ್ದಿದ್ದರೆ ಹೀಗೆ ಮಾಡುತ್ತಿದ್ದರೇ ಎಂಬುದು ಪ್ರಶ್ನೆ. ಹೆನ್ರಿಯ ಮನಸ್ಸಿನಲ್ಲಿ ಏನಿತ್ತೋ ದೇವರೇ ಬಲ್ಲ. ಆದರೆ ಅವನು ಯಾಕೆ ಧರ್ಮ ಬದಲಿಸಬೇಕಾಯಿತು ಎಂದು ಕೇಳಿದರೆ ಈ ಪುರಾವೆ ತಿರುಗಿ ಬೀಳುತ್ತದೆ. 1590ರಲ್ಲಿ ಅವನು ಪ್ಯಾರಿಸ್‌ಗೆ ಮುತ್ತಿಗೆ ಹಾಕಿದಾಗ ಸಾವಿರಾರು ಜನ ಹಸಿವಿನಿಂದ ಸತ್ತರು, ಆದರೂ ಪಾಷಂಡಿ ರಾಜನಿಗೆ ನಗರ ಬಾಗಿಲು ತೆರೆಯಲಿಲ್ಲ. ಧರ್ಮ ಬದಲಿಸಿದ ಮೇಲೆ, 1594ರ ಮಾರ್ಚಿನಲ್ಲಿ, ಹೆಚ್ಚುಕಡಿಮೆ ಕಾದಾಟವೇ ಇಲ್ಲದೆ ಒಳಗೆ ಬಂದ. ಅಷ್ಟು ಜನರ ಮಟ್ಟಿಗೆ ಧರ್ಮ ನೆಪವಾಗಿದ್ದರೆ ಬದಲಾಯಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ರಿಶೆಲಿಯೂ ಕೂಡ ತನ್ನ ಮೈತ್ರಿಗಾಗಿ ದೇಶದ ಒಳಗೇ ಕಟ್ಟಾ ಕ್ಯಾಥೊಲಿಕರ ವಿರೋಧ ಎದುರಿಸಬೇಕಾಯಿತು, ಅದನ್ನು ಸಮರ್ಥಿಸಲು ಬರಹಗಾರರನ್ನು ಸಾಕಬೇಕಾಯಿತು. ಇದಕ್ಕಿಂತ ಆಳವಾದ ತೊಡಕು ನೆಪದ ವಾದದ ಒಳಗೇ ಇದೆ. ಅದು ಧರ್ಮವನ್ನೂ ರಾಜಕೀಯವನ್ನೂ ಬೇರೆಬೇರೆ ಪಾತ್ರೆಗಳಲ್ಲಿಟ್ಟು ಯಾವುದರಲ್ಲಿ ಎಷ್ಟಿದೆ ಎಂದು ಅಳೆಯಲು ಹೊರಡುತ್ತದೆ. ಫ್ರಾನ್ಸಿನ ರಾಜ ಪಟ್ಟಾಭಿಷೇಕದಲ್ಲಿ ಪಾಷಂಡಿಗಳನ್ನು ನಾಡಿನಿಂದ ಹೊರಹಾಕುತ್ತೇನೆಂದು ಆಣೆ ಇಡುತ್ತಿದ್ದ. ಕ್ಯಾಥೊಲಿಕ್ ಪೂಜೆಯನ್ನು ಹೀಯಾಳಿಸುವ ಭಿತ್ತಿಪತ್ರಗಳು ಪ್ಯಾರಿಸ್‌ನಲ್ಲಿ ಕಾಣಿಸಿಕೊಂಡ ಮೇಲೆ, 1535ರ ಜನವರಿಯಲ್ಲಿ, ಒಂದನೇ ಫ್ರಾನ್ಸಿಸ್ ಕೈಯಲ್ಲಿ ಮೇಣದಬತ್ತಿ ಹಿಡಿದು ಬರಿತಲೆಯಲ್ಲಿ ಪರಮಪ್ರಸಾದದ ಹಿಂದೆ ನಡೆದ. ಅದೇ ದಿನ ಪಾಷಂಡಿಗಳನ್ನು ಸುಟ್ಟರು. ಆ ಮೆರವಣಿಗೆ ಪೂಜೆಯೋ ರಾಜ್ಯದ ಪ್ರದರ್ಶನವೋ ಎಂದು ಅಂದಿನವನನ್ನು ಕೇಳಿದರೆ ಅವನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಮ್ಯಾಕ್ ಹೋಲ್ಟ್ ಎಂಬ ಇತಿಹಾಸಕಾರ ಹೇಳುವಂತೆ ಅಂದು ಧರ್ಮವೆಂದರೆ ಮೊದಲಿಗೆ ಒಟ್ಟಾಗಿ ನಂಬಿ ಬದುಕುವವರ ಸಮುದಾಯ, ಆಮೇಲೆ ಸಿದ್ಧಾಂತ. ಒಬ್ಬ ಬೇರೆಯಾದರೆ ಇಡೀ ಊರಿನ ಮೈಗೆ ಕಾಯಿಲೆ. ಇದರಲ್ಲಿ ಎಷ್ಟು ಪಾಲು ರಾಜಕೀಯ ಎಂದು ಕತ್ತರಿಸಿ ತೆಗೆಯಲು ಹೋಗುವವರು ಇಂದಿನ ಗೆರೆಗಳನ್ನು ಅಂದಿನವರ ಮೇಲೆ ಎಳೆಯುತ್ತಿದ್ದಾರೆ.

ಡೇವಿಸ್ ಮೇಲೆ ಬಂದ ಟೀಕೆಗಳಲ್ಲಿ ಎರಡಕ್ಕೆ ತೂಕವಿದೆ. ಮೊದಲನೆಯದು ಸಾಕ್ಷ್ಯದ ಬಗ್ಗೆ. ಗಲಭೆಯ ವಿವರಗಳು ಬಹುಪಾಲು ಬರುವುದು ಪಕ್ಷ ಹಿಡಿದವರಿಂದ, ಅದರಲ್ಲೂ ಜಿನೀವಾದಲ್ಲಿ ಅಚ್ಚಾದ ಕ್ರೆಸ್ಪೆಂ ಎಂಬವನ ಪ್ರೊಟೆಸ್ಟೆಂಟ್ ಹುತಾತ್ಮರ ಗ್ರಂಥದಂಥವುಗಳಿಂದ. ಶತ್ರುವಿನ ಕ್ರೌರ್ಯವನ್ನು ಅವು ಹಿಗ್ಗಿಸದೆ ಬಿಟ್ಟಾವೆಯೇ? ಸಂಖ್ಯೆಗಳ ಬಗ್ಗೆ ಈ ಅನುಮಾನ ಸರಿ. ಆದರೆ ಹಿಂಸೆಯ ರೂಪದ ಬಗ್ಗೆ ಎರಡೂ ಪಕ್ಷದವರ ಬರಹಗಳು ಹೊಂದುತ್ತವೆ. ಬೈದವರೂ ಮೆಚ್ಚಿದವರೂ ಅದೇ ನದಿ, ಅದೇ ಬೆಂಕಿ, ಅದೇ ಅಣಕು ವಿಚಾರಣೆಗಳನ್ನು ಹೇಳುತ್ತಾರೆ. ಎರಡನೆಯದು ಕಲ್ಪನೆಯ ಬಗ್ಗೆ. 1983ರ ಅವರ 'ಮಾರ್ಟಿನ್ ಗೇರ್ ಮರಳಿದ್ದು' ಎಂಬ ಪುಸ್ತಕದಲ್ಲಿ, ಗಂಡನ ವೇಷದಲ್ಲಿ ಬಂದವನನ್ನು ಬೆರ್ತ್ರಾಂದ್ ಎಂಬ 16ನೇ ಶತಮಾನದ ರೈತ ಹೆಂಗಸು ತಿಳಿದೂ ಒಪ್ಪಿಕೊಂಡಳೆಂದು ಡೇವಿಸ್ ಓದಿದ್ದು ಪುರಾವೆಯನ್ನು ಮೀರಿದ ಊಹೆ ಎಂದು ಇತಿಹಾಸಕಾರ ರಾಬರ್ಟ್ ಫಿನ್ಲೆ 1988ರಲ್ಲಿ ಆರೋಪಿಸಿದರು. ಆ ಒಂದು ತೀರ್ಮಾನದ ಬಗ್ಗೆ ವಾದ ಇರಲಿ. ಊಹೆ ಎಲ್ಲಿ ಶುರುವಾಗುತ್ತದೆಂದು ಡೇವಿಸ್ ಮುಚ್ಚಿಡಲಿಲ್ಲ. ನೆಪದ ವಾದಿಗಳೂ ಊಹಿಸುತ್ತಾರೆ; ಜನರ ಬಾಯಲ್ಲಿ ಬಂದ ಮಾತು ಸುಳ್ಳು, ಅದರ ಹಿಂದೆ ತಾವು ಹೇಳುವ ಕಾರಣ ನಿಜ ಎಂಬುದು ಅದಕ್ಕಿಂತ ದೊಡ್ಡ ಊಹೆ. ಅದಕ್ಕೆ ಪುರಾವೆ ಕೊಡುವ ಹೊಣೆ ತಮ್ಮದೆಂದು ಮಾತ್ರ ಅವರು ಎಂದೂ ಒಪ್ಪಿದವರಲ್ಲ. ಮಾರ್ಟಿನ್ ಗೇರ್ ಮೊಕದ್ದಮೆಯನ್ನು ತುಲೂಸಿನಲ್ಲಿ ವಿಚಾರಿಸಿ ಅದರ ಬಗ್ಗೆ ಪುಸ್ತಕ ಬರೆದ ನ್ಯಾಯಾಧೀಶ ಜಾನ್ ದ ಕೋರಾಸ್ ಸ್ವತಃ ಪ್ರೊಟೆಸ್ಟೆಂಟ್. 1572ರ ಅಕ್ಟೋಬರಿನಲ್ಲಿ ತುಲೂಸಿನ ಗುಂಪು ಅವನನ್ನು ಕೊಂದು, ನ್ಯಾಯಾಧೀಶನ ಕೆಂಪು ನಿಲುವಂಗಿಯಲ್ಲೇ ನ್ಯಾಯಾಲಯದ ಎದುರು ನೇತುಹಾಕಿತು. ಲೂಟಿಗಾರನಿಗೆ ನಿಲುವಂಗಿಯ ಬಟ್ಟೆ ಬೇಕಾಗುತ್ತಿತ್ತು. ಇವರಿಗೆ ಬೇಕಾಗಿದ್ದದ್ದು ಅದು ಎಲ್ಲರಿಗೂ ಕಾಣುವುದು.

ಇಷ್ಟೆಲ್ಲ ಒಪ್ಪಿದವರಿಂದಲೂ ಒಂದು ಆಕ್ಷೇಪ ಬರುತ್ತದೆ, ನನಗೆ ಅತ್ಯಂತ ಗಂಭೀರವಾಗಿ ಕಾಣುವುದು ಅದು. ಹಿಂಸೆಗೆ ವಿಧಿ, ಅರ್ಥ, ಕಾರಣ ಎಂದೆಲ್ಲ ಹೇಳುವುದು ಅದಕ್ಕೆ ಘನತೆ ಕೊಟ್ಟಂತಲ್ಲವೇ? ಹುಚ್ಚು ಎಂದು ತಳ್ಳಿಹಾಕುವುದೇ ನೈತಿಕವಾಗಿ ಕ್ಷೇಮವಲ್ಲವೇ? ನಾನು ಇದಕ್ಕೆ ಉಲ್ಟಾ ಹೇಳುತ್ತೇನೆ. ಹುಚ್ಚನನ್ನು ಯಾವ ನ್ಯಾಯಾಲಯವೂ ಶಿಕ್ಷಿಸುವುದಿಲ್ಲ, ಕೀಲುಗೊಂಬೆಯನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ. ತಿಳಿದು ಮಾಡಿದವನಿಗೆ ಮಾತ್ರ ಹೊಣೆ. ಡೇವಿಸ್ ತಮ್ಮ ಲೇಖನದ ಕೊನೆಯಲ್ಲಿ ತೋರಿಸಿದ್ದು ಇದನ್ನೇ: ಎದುರಿನವರನ್ನು ಮೊದಲು ಮನುಷ್ಯರಲ್ಲವೆಂದು, ಮೈಲಿಗೆಯೆಂದು, ಹುಳವೆಂದು ಎಣಿಸಿಕೊಂಡ ಮೇಲೆ ಆ ವಿಧಿಗಳು ಕೊಲ್ಲುವವನಿಂದ ಅವನ ಕೆಲಸವನ್ನೇ ಮರೆಮಾಡಿದವು, ಪಾಪಭೀತಿಯಿಲ್ಲದೆ ಕೊಲ್ಲಲು ಅನುವು ಮಾಡಿಕೊಟ್ಟವು. ಆ ವಿಧಿಗಳನ್ನು ಅವನಿಗೆ ಕಲಿಸಿದವರು ಗೌರವಾನ್ವಿತರು. ಪೂಜೆ, ಪ್ರವಚನ, ಮೆರವಣಿಗೆ, ನ್ಯಾಯಾಲಯದ ಶಿಕ್ಷೆ ಇವೆಲ್ಲ ಸಮಾಜ ಮೆಚ್ಚಿದ ಸಂಸ್ಥೆಗಳು. ಹಾಗಾಗಿ ಹಿಂಸೆಯ ಮೂಲವನ್ನು ಅಂಚಿನ ಪುಂಡರಲ್ಲಿ ಹುಡುಕುವುದು ಬಿಟ್ಟು ಸಮಾಜ ನಡುಮನೆಯಲ್ಲಿಟ್ಟುಕೊಂಡ ಮೌಲ್ಯಗಳಲ್ಲಿ ಹುಡುಕಬೇಕೆಂಬುದು ಅವರ ವಾದದ ಸಾರ. ನೆಪದ ವಾದ ಈ ಹುಡುಕಾಟವನ್ನೇ ತಡೆಯುತ್ತದೆ. ನಾಲ್ಕು ಮಂದಿ ಕುತಂತ್ರಿಗಳನ್ನು ಹಿಡಿದರೆ ಸಾಕು, ನಮ್ಮ ಪ್ರವಚನಗಳೂ ಮೆರವಣಿಗೆಗಳೂ ಹೇಗಿದ್ದವೋ ಹಾಗೇ ಇರಲಿ ಎಂಬ ನೆಮ್ಮದಿ ಅದು ಕೊಡುತ್ತದೆ. ಇಷ್ಟು ಪುರಾವೆಗಳ ನಡುವೆಯೂ ಅದು ಬದುಕಿರುವುದಕ್ಕೆ ಆ ನೆಮ್ಮದಿಯೇ ದೊಡ್ಡ ಕಾರಣವೆಂದು ನನಗೆ ತೋರುತ್ತದೆ.

ಧರ್ಮವನ್ನು ಗಂಭೀರವಾಗಿ ತೆಗೆದುಕೊಂಡರೆ ಭಿನ್ನ ಧರ್ಮದವರು ಒಟ್ಟಿಗೆ ಬಾಳುವುದು ಅಸಾಧ್ಯವೆಂದು ಒಪ್ಪಿದಂತಾಯಿತಲ್ಲ ಎಂದು ಕೇಳುವವರಿದ್ದಾರೆ. ಡೇವಿಸ್ ಅವರ ಮುಂದಿನ ಕೃತಿಗಳೇ ಇದಕ್ಕೆ ಉತ್ತರ. 1518ರಲ್ಲಿ ಕಡಲುಗಳ್ಳರ ಕೈಗೆ ಸಿಕ್ಕು ರೋಮಿನಲ್ಲಿ ಪೋಪನಿಂದಲೇ ಜ್ಞಾನಸ್ನಾನ ಪಡೆದ, ಲಿಯೋ ಆಫ್ರಿಕಾನಸ್ ಎಂದು ಹೆಸರಾದ ಅಲ್-ಹಸನ್ ಅಲ್-ವಝಾನ್ ಬಗ್ಗೆ 2006ರಲ್ಲಿ ಬಂದ ಪುಸ್ತಕದಲ್ಲಿ, ಎರಡು ಧರ್ಮಗಳ ನಡುವೆ ಒಬ್ಬ ಮನುಷ್ಯ ಎಷ್ಟು ಎಚ್ಚರದಿಂದ, ಎಷ್ಟು ಜಾಣತನದಿಂದ ಬಾಳಬಲ್ಲನೆಂದು ಅವರು ತೋರಿಸಿದರು. 2023ರಲ್ಲಿ 94ನೇ ವಯಸ್ಸಿನಲ್ಲಿ ಟೊರಾಂಟೋದಲ್ಲಿ ತೀರಿಕೊಳ್ಳುವವರೆಗೂ ಅವರ ಆಸಕ್ತಿ ಹೀಗೆ ದಾಟಿ ಬಾಳುವವರ ಕಡೆಗೇ ಇತ್ತು. ಜನರ ನಂಬಿಕೆ ನಿಜವೆಂದು ಒಪ್ಪಿದಾಗಷ್ಟೇ ಅವರು ಕೊಲ್ಲದೆ ಉಳಿದ ಸಂದರ್ಭಗಳೂ ನಮಗೆ ಕಾಣಿಸುತ್ತವೆ. 1572ರ ಆಗಸ್ಟ್ 26ರಂದು ಬ್ರಿಟನಿಯ ಗವರ್ನರ್ ಮೊಂಪಾಂಸಿಯೆ ಡ್ಯೂಕ್, ಪ್ಯಾರಿಸ್‌ನಲ್ಲಿ ನಡೆದದ್ದನ್ನು ವಿವರಿಸಿ, ನೀವೂ ಹಾಗೆಯೇ ಮಾಡಬೇಕೆಂಬ ಧ್ವನಿಯಲ್ಲಿ ನಾಂತ್ ನಗರದ ಅಧಿಕಾರಿಗಳಿಗೆ ಪತ್ರ ಬರೆದ. ಸೆಪ್ಟೆಂಬರಿನಲ್ಲಿ ನಗರಸಭೆ ಕೂಡಿತು. ಹ್ಯೂಗೆನೊಗಳ ಜೊತೆ ಆಗಿರುವ ಒಪ್ಪಂದವನ್ನು ಪಾಲಿಸುತ್ತೇವೆ, ಅವರಿಗೆ ಯಾರೂ ಕೈಮಾಡಕೂಡದು ಎಂದು ತೀರ್ಮಾನಿಸಿತು. ಅಲ್ಲಿ ಹತ್ಯಾಕಾಂಡ ನಡೆಯಲಿಲ್ಲ. ಆ ಸಭೆಯಲ್ಲಿ ಕೂತವರು ಪ್ಯಾರಿಸ್‌ನವರಂತೆಯೇ ಕ್ಯಾಥೊಲಿಕರು, ಅದೇ ಪರಮಪ್ರಸಾದ ಸ್ವೀಕರಿಸುವವರು, ಹ್ಯೂಗೆನೊಗಳನ್ನು ಪಾಷಂಡಿಗಳೆಂದೇ ಕಲಿತವರು. ಮೇಲಿನಿಂದ ಕುಮ್ಮಕ್ಕೂ ಬಂದಿತ್ತು. ಜನ ಮೇಲಿನವರು ಕುಣಿಸಿದಂತೆ ಕುಣಿಯುವವರೇ ಆಗಿದ್ದರೆ ನಾಂತ್ ಕೂಡ ಕುಣಿಯಬೇಕಿತ್ತು. ನಾಂತ್‌ನವರು ಯೋಚಿಸಿ ಬೇಡವೆಂದರು ಎಂದು ಒಪ್ಪುವವರು, ಸಾನ್ ಡೆನಿ ಬೀದಿಯವರು ಯೋಚಿಸಿಯೇ ಆಗಲಿ ಎಂದರು ಎಂಬುದನ್ನೂ ಒಪ್ಪಲೇಬೇಕು.